ತಾತನ ಕನಸಿನ ಆನೆ

ನಾನಾಗ ಎರಡನೇ ವರ್ಷದ ಬಿ.ಎಸ್ಸಿ.ಯಲ್ಲಿದ್ದೆ. ಪರೀಕ್ಷೆಗೆ ಓದಿಕೊಳ್ಳಲು ರಜೆ ಕೊಟ್ಟಿದ್ದರು. ಹಾಸ್ಟೆಲ್ ಗಲಾಟೆ ಬೇಡವೆಂದು ಊರಿಗೆ ಹೊರಟೆ. ನಮ್ಮೂರು ಕನಕಪುರದಿಂದಾಚೆ ಕಾಡಂಚಿನಲ್ಲಿದೆ. ಬಸ್ಸಿಳಿದು ಮನೆಯೊಳಗೆ ಕಾಲಿಟ್ಟಾಗ ಮೊದಲು ಕಂಡದ್ದು ಅಜ್ಜಿಯ ಎಡಗಣ್ಣು. ಸುತ್ತ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ ಊದಿಕೊಂಡಿತ್ತು.

‘ಏನಾಯ್ತಜ್ಜಿ?’

‘ಕತ್ಲಲ್ಲಿ ಬಾಗ್ಲು ತಗುಲ್ತು ಕಣ್ ಮಗ. ಕೈಕಾಲ್ ತೊಳ್ಕೊ, ಮುದ್ದೆ ಬಿಸಿಯಾಗೈತೆ.’

ಅಜ್ಜಿ ಸುಳ್ಳು ಹೇಳುವಾಗ ಊಟದ ಮಾತು ತೆಗೆಯುತ್ತಾಳೆ. ಸಂಜೆ ಹಾಲು ತರಲು ಹೋದಾಗ ಪಕ್ಕದ ಮನೆಯ ದೊಡ್ಡವ್ವ ದನಿ ತಗ್ಗಿಸಿ ಕೇಳಿದರು: ‘ನಿಮ್ ತಾತನಿಗೆ ಈ ವಯಸ್ಸಲ್ಲಿ ಇದ್ಯಾಕಪ್ಪ ಬಂತು? ರಾತ್ರಿಯೆಲ್ಲ ಕೂಗಾಡ್ತದೆ, ಹೆಂಡ್ತಿ ಮೇಲೆ ಕೈಮಾಡ್ತದೆ.’ ನಾನು ಬಿಟ್ಟ ಕಣ್ಣು ಬಿಟ್ಟಂತೆ ನಿಂತೆ. ಎಪ್ಪತ್ತೊಂದು ವರ್ಷದ ನಮ್ಮ ತಾತ ಅಜ್ಜಿಗೆ ಎತ್ತರದ ದನಿಯಲ್ಲಿ ಮಾತಾಡಿದ್ದನ್ನೂ ನಾನು ಕೇಳಿರಲಿಲ್ಲ.

ಅವತ್ತು ರಾತ್ರಿ ಪುಸ್ತಕ ಹಿಡಿದುಕೊಂಡು ಪಡಸಾಲೆಯಲ್ಲಿ ಅವರಿಬ್ಬರ ಪಕ್ಕದಲ್ಲೇ ಹಾಸಿಗೆ ಹಾಕಿಕೊಂಡೆ. ಮೂರೂವರೆ ಹೊತ್ತಿಗೆ ‘ಹೋ... ಹೋ... ಹೊಡಿರ್ಲಾ!’ ಅನ್ನುವ ಕೂಗಿಗೆ ಎಚ್ಚರವಾಯಿತು. ತಾತ ಮಲಗಿದ್ದಲ್ಲೇ ಕಾಲು ಝಾಡಿಸುತ್ತಿದ್ದರು. ಬಲಗೈ ಗಾಳಿಯಲ್ಲಿ ಏನನ್ನೋ ಬಡಿಯುತ್ತಿತ್ತು. ಕಣ್ಣು ಮಾತ್ರ ಮುಚ್ಚಿತ್ತು. ಭುಜ ಅಲುಗಿಸಿದೆ. ತಟ್ಟನೆ ಎದ್ದು ಕೂತರು. ನನ್ನ ಗುರುತು ಹಿಡಿದರು, ನೀರು ಕೇಳಿದರು. ‘ಆನೆ ಮಗ. ರಾಗಿ ಹೊಲಕ್ಕೆ ನುಗ್ಬುಡ್ತು. ತಗಡು ಬಡಿತಿದ್ದೆ’ ಅಂದರು. ಅಜ್ಜಿ ಗೋಡೆಯ ಕಡೆ ತಿರುಗಿ, ಮಂಡಿ ಮಡಚಿ, ಮೈಯನ್ನು ಚಿಕ್ಕದು ಮಾಡಿಕೊಂಡು ಮಲಗಿದ್ದಳು. ಎಷ್ಟೋ ದಿನಗಳಿಂದ ಅಭ್ಯಾಸವಾದವರು ಮಲಗುವ ರೀತಿ ಅದು.

ತಾತ ಹೊಲ ಕಾಯುವುದನ್ನು ಬಿಟ್ಟು ಆಗಲೇ ಎಂಟು ವರ್ಷವಾಗಿತ್ತು. ಆನೆ ಕಾಟ ತಾಳಲಾರದೆ ರಾಗಿ ಬಿಟ್ಟು ಹಿಪ್ಪುನೇರಳೆ ಹಾಕಿದ್ದರು. ಆದರೆ ನಿದ್ದೆಯಲ್ಲಿ ಅವರು ಇನ್ನೂ ಅಟ್ಟಣೆಯ ಮೇಲೇ ಇದ್ದರು.

ಮನೆಯವರೇನೂ ಸುಮ್ಮನಿರಲಿಲ್ಲ. ಆನೆಯ ಕನಸು ಎಂದ ಕೂಡಲೇ ಗಣಪತಿ ಹರಕೆ ಬಾಕಿಯಿದೆ ಎಂದರು ಒಬ್ಬರು. ಇನ್ನೊಬ್ಬರು ಸ್ವಪ್ನಫಲದ ಪುಸ್ತಕ ತೆಗೆದು, ಆನೆ ಕಂಡರೆ ಐಶ್ವರ್ಯ ಎಂದು ಓದಿ ಹೇಳಿದರು. ಸೋಕು ಆಗಿದೆ ಎಂದು ತಾಯತ ಕಟ್ಟಿಸಿದ್ದೂ ಆಯಿತು. ಎಲ್ಲರೂ ಕನಸಿನೊಳಗಿನ ಆನೆಯನ್ನೇ ನೋಡುತ್ತಿದ್ದರು. ಝಾಡಿಸುತ್ತಿದ್ದ ಕಾಲನ್ನು ಯಾರೂ ನೋಡಲಿಲ್ಲ. ನಾನೂ ನೋಡುತ್ತಿರಲಿಲ್ಲವೇನೋ. ಆದರೆ ಪ್ರಾಣಿಶಾಸ್ತ್ರದ ತರಗತಿಯಲ್ಲಿ ಮೇಷ್ಟ್ರು ಬೆಕ್ಕುಗಳ ಒಂದು ಕತೆ ಹೇಳಿದ್ದರು. ಅದು ಆ ರಾತ್ರಿ ನೆನಪಾಯಿತು.

ನಮ್ಮ ನಿದ್ದೆ ರಾತ್ರಿಯಿಡೀ ಒಂದೇ ಹದದಲ್ಲಿ ಇರುವುದಿಲ್ಲ. ಸುಮಾರು ಒಂದೂವರೆ ಗಂಟೆಗೊಮ್ಮೆ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಅತ್ತಿತ್ತ ಓಡಾಡುವ ಹಂತ ಬರುತ್ತದೆ. ಅದನ್ನು ‘ರೆಮ್’ ನಿದ್ದೆ ಎನ್ನುತ್ತಾರೆ. ಷಿಕಾಗೊ ವಿಶ್ವವಿದ್ಯಾಲಯದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ಇದನ್ನು ವರದಿ ಮಾಡಿದರು. ಕಣ್ಣಿಗೆ ಕಟ್ಟಿದಂಥ ಕನಸುಗಳು ಹೆಚ್ಚಾಗಿ ಬೀಳುವುದು ಈ ಹಂತದಲ್ಲಿ. ಬೆಳಗಿನ ಜಾವಕ್ಕೆ ಬಂದಂತೆ ಈ ಹಂತ ಉದ್ದವಾಗುತ್ತದೆ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂದು ಹಿರಿಯರು ಹೇಳುವುದುಂಟು. ನಿಜವಾಗುವ ಮಾತು ಹಾಗಿರಲಿ, ಆ ಹೊತ್ತಿನಲ್ಲಿ ಕನಸು ಹೆಚ್ಚು ಎಂಬುದಂತೂ ನಿಜ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಕನಸಿನಲ್ಲಿ ಓಡುತ್ತೇವೆ, ಬೀಳುತ್ತೇವೆ, ಹೊಡೆದಾಡುತ್ತೇವೆ. ಆದರೂ ಬೆಳಿಗ್ಗೆ ಹಾಸಿಗೆಯಲ್ಲೇ ಇರುತ್ತೇವಲ್ಲ, ಹೇಗೆ? ಮಿದುಳಿನ ಬುಡದಲ್ಲಿ, ಕುತ್ತಿಗೆಯ ಮೇಲ್ಭಾಗಕ್ಕೆ ಕೂಡಿಕೊಂಡಂತೆ ಮಿದುಳುಕಾಂಡ ಎಂಬ ಭಾಗವಿದೆ. ರೆಮ್ ನಿದ್ದೆ ಶುರುವಾದೊಡನೆ ಅದು ಮೈಯ ಸ್ನಾಯುಗಳಿಗೆ ಹೋಗುವ ಆಜ್ಞೆಗಳನ್ನು ತಡೆದುಬಿಡುತ್ತದೆ. ಉಸಿರಾಟದ ವಪೆಗೂ ಕಣ್ಣಿನ ಸ್ನಾಯುಗಳಿಗೂ ಮಾತ್ರ ವಿನಾಯಿತಿ. ಉಳಿದ ದೇಹ ಕಟ್ಟಿಹಾಕಿದ ಹಾಗೆ. ಫ್ರಾನ್ಸಿನ ಲಿಯಾನ್‌ನಲ್ಲಿ ಮಿಷೆಲ್ ಜುವೆ ಎಂಬ ವಿಜ್ಞಾನಿ ಬೆಕ್ಕುಗಳ ಮಿದುಳುಕಾಂಡದಲ್ಲಿ ಆ ಸಣ್ಣ ಜಾಗಕ್ಕೆ ಪೆಟ್ಟು ಮಾಡಿ ನೋಡಿದರು. ಬೆಕ್ಕುಗಳು ನಿದ್ದೆಯಲ್ಲೇ ಎದ್ದು ನಿಂತವು, ಇಲ್ಲದ ಇಲಿಯ ಮೇಲೆ ಹಾರಿದವು. ಕನಸು ಹೊರಗೆ ಬಂದಂತೆ! ಮೇಷ್ಟ್ರು ಹೇಳಿದ ಕತೆ ಇದೇ.

ಒಮ್ಮೊಮ್ಮೆ ಇದರ ಉಲ್ಟಾ ಆಗುವುದೂ ಇದೆ. ಎಚ್ಚರವಾಗಿರುತ್ತದೆ, ಕಟ್ಟು ಮಾತ್ರ ಇನ್ನೂ ಬಿಚ್ಚಿರುವುದಿಲ್ಲ. ಕೈಕಾಲು ಅಲುಗದು, ಎದೆಯ ಮೇಲೆ ಯಾರೋ ಕೂತಂತೆ ಭಾರ, ಕೂಗಿದರೆ ದನಿ ಬಾರದು. ನಮ್ಮ ಹಾಸ್ಟೆಲ್ಲಿನಲ್ಲಿ ಇದಕ್ಕೆ ಹೆದರಿ ರೂಮು ಬದಲಾಯಿಸಿದವನೊಬ್ಬನಿದ್ದ. ನಿದ್ದೆಗೆಟ್ಟು ಓದುವವರಿಗೆ, ಹೊತ್ತುಗೊತ್ತಿಲ್ಲದೆ ಮಲಗುವವರಿಗೆ ಇದು ಆಗುವುದು ಹೆಚ್ಚು. ಒಂದೆರಡು ನಿಮಿಷದಲ್ಲಿ ಬಿಟ್ಟುಹೋಗುತ್ತದೆ. ದೆವ್ವದ ಪಾತ್ರ ಇದರಲ್ಲಿಲ್ಲ.

ಮನುಷ್ಯರಲ್ಲಿ ಈ ಕಟ್ಟು ಸಡಿಲವಾಗುವುದನ್ನು ಒಂದು ಕಾಯಿಲೆಯೆಂದು ಗುರುತಿಸಿ ಬರೆದವರು ಅಮೆರಿಕದ ಮಿನಿಯಾಪೊಲಿಸ್‌ನ ವೈದ್ಯರಾದ ಕಾರ್ಲೋಸ್ ಶೆಂಕ್ ಮತ್ತು ಮಾರ್ಕ್ ಮಹೊವಾಲ್ಡ್. ಅದು 1986ರಲ್ಲಿ. ‘ರೆಮ್ ನಿದ್ರಾ ವರ್ತನೆಯ ತೊಂದರೆ’ ಎಂದು ಕನ್ನಡದಲ್ಲಿ ಹೇಳಬಹುದು. ಇಂಥವರ ಕನಸುಗಳಲ್ಲಿ ಯಾರೋ ಅಟ್ಟಿಸಿಕೊಂಡು ಬರುತ್ತಾರೆ, ಪ್ರಾಣಿ ಮೇಲೆ ಬೀಳುತ್ತದೆ, ಮನೆಯವರನ್ನು ಕಾಪಾಡಲು ಹೊಡೆದಾಡಬೇಕಾಗುತ್ತದೆ. ಹಗಲಿನಲ್ಲಿ ತೀರಾ ಸಾಧುಗಳಾದವರೂ ರಾತ್ರಿ ಹೀಗಾಗುತ್ತಾರೆ. ಪೆಟ್ಟು ಬೀಳುವುದು ಪಕ್ಕದಲ್ಲಿ ಮಲಗಿದವರಿಗೆ. ತಾತನೂ ಆನೆಗೇ ಹೊಡೆದಿದ್ದರು. ಅಲ್ಲಿದ್ದದ್ದು ಅಜ್ಜಿ.

ಮಾರನೆಯ ರಾತ್ರಿ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡೆ. ಹಾಗೆ ಮಾಡುವಾಗ ಕಳ್ಳತನ ಮಾಡಿದಂತೆ ಅನಿಸಿತ್ತು. ಅಪ್ಪನನ್ನು ಒಪ್ಪಿಸಿ ಬೆಂಗಳೂರಿನ ಆಸ್ಪತ್ರೆಯೊಂದರ ನರರೋಗ ವಿಭಾಗಕ್ಕೆ ಹೋದಾಗ ಉಪಯೋಗಕ್ಕೆ ಬಂದದ್ದು ಅದೇ ವಿಡಿಯೊ. ಡಾಕ್ಟರು ಎರಡು ಸಲ ನೋಡಿದರು. ಆಮೇಲೆ ಕೇಳಿದ ಪ್ರಶ್ನೆಗಳು ಮಾತ್ರ ನಮಗೆ ಸಂಬಂಧವೇ ಇಲ್ಲದಂತೆ ಕಂಡವು. ಮಲಬದ್ಧತೆ ಇದೆಯೇ? ವಾಸನೆ ಗೊತ್ತಾಗುತ್ತದೆಯೇ?

ಅಷ್ಟು ಹೊತ್ತು ಸುಮ್ಮನಿದ್ದ ಅಜ್ಜಿ ಬಾಯಿ ಬಿಟ್ಟಳು. ‘ಅಟ್ಟದಲ್ಲಿ ಹಲಸಿನ್ ಹಣ್ಣು ಪಕ್ವಾದ್ರೆ ಬೀದಿಯಿಂದ್ಲೇ ಹೇಳೋರು ಸ್ವಾಮಿ. ಈಗ ಹಾಲು ಸೀದ್ರೂ ಪಕ್ಕದಲ್ಲೇ ಕೂತಿರ್ತಾರೆ.’ ವಾಸನೆ ಹೋಗಿ ಎಷ್ಟು ವರ್ಷವಾಯಿತೋ ತಾತನಿಗೇ ಗೊತ್ತಿರಲಿಲ್ಲ.

ಒಂದು ರಾತ್ರಿ ಅಲ್ಲೇ ಮಲಗಿಸಿ ತಲೆಗೆ, ಗದ್ದಕ್ಕೆ, ಕಾಲಿಗೆ ತಂತಿ ಅಂಟಿಸಿ ನಿದ್ದೆಯ ಪರೀಕ್ಷೆ ಮಾಡಿದರು. ರೆಮ್ ನಿದ್ದೆಯಲ್ಲಿ ಗದ್ದದ ಸ್ನಾಯುವಿನ ಗೆರೆ ಬಹುಪಾಲು ಸಪಾಟಾಗಿ ಇರಬೇಕು. ತಾತನದು ಗರಗಸದ ಹಲ್ಲಿನಂತಿತ್ತು. ಡಾಕ್ಟರು ಒಂದು ಮಾತ್ರೆ ಬರೆದರು, ಜತೆಗೆ ಮಾತ್ರೆಗಿಂತ ಮುಖ್ಯವಾದ ಕೆಲವು ಮಾತು ಹೇಳಿದರು. ಮಂಚ ಬೇಡ, ಚಾಪೆಯ ಮೇಲೆ ಮಲಗಲಿ. ಇಬ್ಬರ ನಡುವೆ ದಿಂಬಿನ ಗೋಡೆ ಇರಲಿ, ಸಾಧ್ಯವಾದರೆ ಬೇರೆ ಬೇರೆ ಮಲಗಲಿ. ಕೈಗೆ ಸಿಗುವಂತೆ ಏನನ್ನೂ ಇಡಬೇಡಿ. ಕೊನೆಯ ಮಾತು ಕೇಳಿ ನನಗೆ ಎದೆ ಝಲ್ಲೆಂದಿತು. ಹೊಲ ಕಾಯುವ ಕಾಲದ ಅಭ್ಯಾಸ, ತಾತನ ತಲೆದಿಂಬಿನ ಕೆಳಗೆ ಯಾವಾಗಲೂ ಒಂದು ಮಚ್ಚು ಇರುತ್ತಿತ್ತು. ಆನೆ ಎಂದು ಅವರು ಒಮ್ಮೆ ಅದನ್ನು ಎತ್ತಿದ್ದರೆ? ಊರಿಗೆ ಹೋದವನೇ ಮೊದಲು ಮಾಡಿದ ಕೆಲಸ ಅದನ್ನು ಕೊಟ್ಟಿಗೆಯ ತೊಲೆಗೆ ಸಿಕ್ಕಿಸಿದ್ದು.

ಊರಿನಲ್ಲಿ ಅಜ್ಜಿ ಹೇಳಿಕೊಂಡು ತಿರುಗಿದ್ದು ಒಂದೇ ಮಾತು: ‘ಅವ್ರು ಹೊಡ್ದಿದ್ದಲ್ಲ, ಅದೊಂದು ಕಾಯ್ಲೆ. ಡಾಕ್ಟ್ರೇ ಹೇಳವ್ರೆ.’ ದೊಡ್ಡವ್ವನ ಮನೆಗೆ ಅದನ್ನು ಹೇಳುವುದಕ್ಕೆಂದೇ ಹೋಗಿಬಂದಳು. ಅವಳ ಮಟ್ಟಿಗೆ ಅರ್ಧ ಕಾಯಿಲೆ ಅಲ್ಲಿಗೇ ವಾಸಿಯಾಗಿತ್ತು.

ಇನ್ನರ್ಧ ನನ್ನ ಹತ್ತಿರವಿತ್ತು. ಡಾಕ್ಟರು ನನ್ನನ್ನೂ ಅಪ್ಪನನ್ನೂ ಹೊರಗೆ ಕರೆದು ಹೇಳಿದ ವಿಷಯ ಅದು. ಶೆಂಕ್ ಅವರ ತಂಡ ಐವತ್ತು ದಾಟಿದ 29 ಗಂಡಸರನ್ನು ವರ್ಷಗಟ್ಟಲೆ ಗಮನಿಸಿತು. 1996ರಲ್ಲಿ ಅವರು ವರದಿ ಕೊಡುವ ಹೊತ್ತಿಗೆ 11 ಮಂದಿಗೆ ಪಾರ್ಕಿನ್ಸನ್ ಥರದ ನಡುಕದ ಕಾಯಿಲೆ ಕಾಣಿಸಿಕೊಂಡಿತ್ತು. ಹದಿನಾರು ವರ್ಷಗಳ ನಂತರ ಮತ್ತೆ ಲೆಕ್ಕ ಹಾಕಿದಾಗ 26ರಲ್ಲಿ 21 ಮಂದಿಗೆ ಪಾರ್ಕಿನ್ಸನ್ ಅಥವಾ ಮರೆವಿನ ಕಾಯಿಲೆ ಬಂದಿತ್ತು. ಮುಂದೆ 2019ರಲ್ಲಿ 24 ಕೇಂದ್ರಗಳ 1,280 ರೋಗಿಗಳ ಅಧ್ಯಯನ ಪ್ರಕಟವಾಯಿತು. ಅದರ ಪ್ರಕಾರ ವರ್ಷಕ್ಕೆ ನೂರರಲ್ಲಿ ಆರು ಮಂದಿಯಂತೆ, ಹನ್ನೆರಡು ವರ್ಷದಲ್ಲಿ ಮುಕ್ಕಾಲು ಭಾಗದ ಹತ್ತಿರ ಜನ ಈ ದಾರಿಗೆ ಬರುತ್ತಾರೆ.

ಕಾರಣ ನಿಗೂಢವಾದುದೇನಲ್ಲ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನು ನರಕೋಶಗಳೊಳಗೆ ಗಂಟುಗಂಟಾಗಿ ಸೇರಿಕೊಳ್ಳುತ್ತದೆ. ಕೈ ನಡುಗಿಸುವ ಭಾಗಕ್ಕೆ ಅದು ತಲುಪುವುದು ತಡವಾಗಿ. ಎಷ್ಟೋ ಜನರಲ್ಲಿ ಅದಕ್ಕೆ ಮೊದಲೇ ಮಿದುಳುಕಾಂಡದ ಕೆಳಭಾಗ, ವಾಸನೆಯ ನರಗಳು, ಕರುಳಿನ ನರಗಳು ಪೆಟ್ಟು ತಿಂದಿರುತ್ತವೆ. ಡಾಕ್ಟರರ ಪ್ರಶ್ನೆಗಳ ಅರ್ಥ ಆಗ ಹೊಳೆಯಿತು. 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ಬರೆದದ್ದು ಕಣ್ಣಿಗೆ ಕಾಣುವ ನಡುಕದ ಬಗ್ಗೆ. ಆದರೆ ಆ ನಡುಕಕ್ಕೆ ಹತ್ತು ಹದಿನೈದು ವರ್ಷ ಮುಂಚೆಯೇ ಹಾಸಿಗೆಯಲ್ಲಿ ಒದೆತ ಶುರುವಾಗಿರಬಹುದು.

ಪುರಾತನರು ಇದರ ಹತ್ತಿರಕ್ಕೆ ಬಂದಿದ್ದರೆನ್ನುವುದು ನನಗೆ ಈಗಲೂ ಸೋಜಿಗ. ಹಗಲಿನ ಗದ್ದಲದಲ್ಲಿ ಗೊತ್ತಾಗದ ಸಣ್ಣ ಸಂಗತಿಗಳು ನಿದ್ದೆಯಲ್ಲಿ ದೊಡ್ಡದಾಗಿ ಕಾಣುತ್ತವೆ, ಸಣ್ಣ ಸದ್ದು ಗುಡುಗಾಗುತ್ತದೆ, ಹಾಗೆಯೇ ಕಾಯಿಲೆಯ ಮೊಳಕೆಯೂ ಕನಸಿನಲ್ಲಿ ತಿಳಿಯಬಹುದು ಎಂದು ಅರಿಸ್ಟಾಟಲ್ ವಾದಿಸಿದ. ನಮ್ಮ ಚರಕಸಂಹಿತೆಯ ಇಂದ್ರಿಯಸ್ಥಾನ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು, ಈ ಐದಕ್ಕೂ ಫಲವಿಲ್ಲ ಎಂದು ಪಕ್ಕಕ್ಕೆ ತಳ್ಳುತ್ತದೆ. ದೇಹದ ದೋಷದಿಂದ ಹುಟ್ಟಿದ ಕನಸನ್ನು ವೈದ್ಯ ಗಮನಿಸಬೇಕು ಎನ್ನುತ್ತದೆ. ಅದೇ ಅಧ್ಯಾಯದಲ್ಲಿ ಕತ್ತೆಯ ಮೇಲೆ ಕೂತು ದಕ್ಷಿಣಕ್ಕೆ ಹೋದ ಕನಸು ಕಂಡವನು ಕ್ಷಯದಿಂದ ಸಾಯುತ್ತಾನೆ ಎಂಬ ಮಾತೂ ಇದೆ. ಮೊದಲ ಮಾತಿಗೆ ಕೈಮುಗಿಯುತ್ತೇನೆ. ಎರಡನೆಯದನ್ನು ನಂಬಲಾರೆ.

ಓದುವ ನಮ್ಮ ವಯಸ್ಸಿನವರು ಗಾಬರಿಯಾಗಬೇಕಿಲ್ಲ. ಹಾಲ್‌ಟಿಕೆಟ್ ಮರೆತ ಕನಸು, ಬಸ್ಸು ತಪ್ಪಿದ ಕನಸು, ಇಂಟರ್‌ವ್ಯೂನಲ್ಲಿ ಬಾಯಿ ಕಟ್ಟಿದ ಕನಸು ಯಾವ ಕಾಯಿಲೆಯನ್ನೂ ಹೇಳುವುದಿಲ್ಲ. ನನಗೂ ವಾರಕ್ಕೆರಡು ಬೀಳುತ್ತವೆ. ನಿದ್ದೆಯಲ್ಲಿ ಮಾತಾಡುವುದು, ಮಕ್ಕಳು ಕಿಟಾರನೆ ಕಿರುಚಿ ಬೆಳಿಗ್ಗೆ ಮರೆತುಬಿಡುವುದು ಇವೆಲ್ಲ ಬೇರೆ. ಯುವಕರಲ್ಲಿ ಕನಸಿಗೆ ತಕ್ಕಂತೆ ಕೈಕಾಲು ಆಡಿದರೆ ಖಿನ್ನತೆಗೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳು ಕಾರಣವಿರಬಹುದು. ಹಾಗೆಂದು ಮಾತ್ರೆಯನ್ನು ತಾವೇ ನಿಲ್ಲಿಸಬಾರದು, ಕೊಟ್ಟ ಡಾಕ್ಟರಿಗೆ ಹೇಳಬೇಕು. ಐವತ್ತು ದಾಟಿದವರು ಮನೆಯಲ್ಲಿದ್ದು, ಅವರ ನಿದ್ದೆ ಇತ್ತೀಚೆಗೆ ಹೊಡೆದಾಟವಾಗಿದ್ದರೆ ಮಾತ್ರ ಒಂದು ರಾತ್ರಿ ಎದ್ದು ನೋಡಿ.

ಮತ್ತೆ ನನ್ನ ಗುಟ್ಟಿಗೆ ಬರುತ್ತೇನೆ. ಆಸ್ಪತ್ರೆಯಿಂದ ವಾಪಸಾಗುವಾಗ ಬಸ್ಸಿನಲ್ಲಿ ತಾತ ಕೇಳಿದರು. ‘ಇದು ಮುಂದಕ್ಕೆ ಏನಾಯ್ತದೆ ಮಗ?’ ಅಪ್ಪ ಕಿಟಕಿಯ ಕಡೆ ತಿರುಗಿದರು. ‘ಏನೂ ಆಗಲ್ಲ ತಾತ, ಮಾತ್ರೆ ತಗೊಂಡ್ರೆ ಸರಿಹೋಗುತ್ತೆ’ ಅಂದೆ ನಾನು. ಆ ಕಾಯಿಲೆ ಬರದಂತೆ ತಡೆಯುವ ಔಷಧ ಇನ್ನೂ ಇಲ್ಲ. ತಡೆಯಲಾಗದ್ದನ್ನು ಹೇಳಿ ಹೆದರಿಸುವುದೇಕೆ ಎಂದುಕೊಂಡಿದ್ದೆ. ನೂರರಲ್ಲಿ ಎಲ್ಲರಿಗೂ ಬರುವುದಿಲ್ಲವಲ್ಲ ಎಂಬ ಆಸೆಯೂ ಇತ್ತು.

ನಾಲ್ಕು ವರ್ಷದ ಮೇಲೆ ಕಾಫಿ ಲೋಟ ಹಿಡಿದ ಬಲಗೈಯ ಹೆಬ್ಬೆರಳು ತಾನಾಗಿ ಆಡತೊಡಗಿತು. ಆಮೇಲೆ ಹೆಜ್ಜೆ ಚಿಕ್ಕದಾಯಿತು. ನಂತರ ನಾವು ಎಣಿಸಿರದ ಕಡೆಯಿಂದ ಪೆಟ್ಟು ಬಿತ್ತು. ಅಕ್ಷರ ಸಣ್ಣದಾಗುವುದು ಈ ಕಾಯಿಲೆಯ ಲಕ್ಷಣಗಳಲ್ಲೊಂದು. ತಾತನ ಸಹಿ ಇರುವೆ ಸಾಲಿನಂತೆ ಮುದುಡಿಕೊಂಡಿತು. ಬ್ಯಾಂಕಿನಲ್ಲಿ ಸಹಿ ಹೊಂದುತ್ತಿಲ್ಲವೆಂದು ವಾಪಸ್ ಕಳಿಸಿದರು. ಎರಡೆಕರೆ ಜಮೀನನ್ನು ಅಪ್ಪ, ಚಿಕ್ಕಪ್ಪ, ಅತ್ತೆಗೆ ಹಂಚುವ ಕೆಲಸ ವರ್ಷಗಳಿಂದ ‘ನೋಡಣ’ ಎಂದು ಉಳಿದಿತ್ತು. ಈಗ ಕಚೇರಿಗೆ ಅಲೆಯುವ ಶಕ್ತಿ ತಾತನಿಗಿರಲಿಲ್ಲ, ಮಾತೂ ತೊದಲುತ್ತಿತ್ತು. ಅವರು ಸ್ವಬುದ್ಧಿಯಿಂದ ಕೊಡುತ್ತಿದ್ದಾರೆಯೇ ಎಂದು ಒಳಗಿನವರೇ ಅನುಮಾನಿಸಿದರು.

ಒಂದು ದಿನ ತಾತ ನನ್ನನ್ನು ಕರೆದು ಕೂರಿಸಿಕೊಂಡರು. ‘ನಿಂಗೆ ಮೊದ್ಲೇ ಗೊತ್ತಿತ್ತ?’

ಹೂಂ ಅಂದೆ.

‘ಹೇಳ್ಬೇಕಾಗಿತ್ತು ಕಣ್ಲಾ. ಕೈ ನೆಟ್ಟಗಿದ್ದಾಗ್ಲೇ ಆ ಎರಡೆಕ್ರೆ ಕೆಲ್ಸ ಮುಗಿಸ್ತಿದ್ದೆ. ನಿಮ್ಮತ್ತೆ ಈ ಮನೆ ಬಾಗ್ಲಿಗೆ ಬರೋದು ನಿಲ್ತಿರ್ಲಿಲ್ಲ.’

ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ಔಷಧ ಇಲ್ಲ ಎಂದ ಮಾತ್ರಕ್ಕೆ ಮಾಡುವುದಕ್ಕೆ ಏನೂ ಇಲ್ಲ ಎಂದು ನಾನು ತಿಳಿದಿದ್ದೆ. ತಾತನಿಗೆ ಮಾಡುವುದು ಬೇಕಾದಷ್ಟಿತ್ತು. ಅವರಿಗೆ ಸಿಕ್ಕಬೇಕಾಗಿದ್ದ ನಾಲ್ಕು ವರ್ಷವನ್ನು ನಾನು ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದೆ.

ಕಳೆದ ವರ್ಷ ತಾತ ಹಾಸಿಗೆ ಹಿಡಿದರು. ಕೊನೆಯ ದಿನಗಳಲ್ಲಿ ಕನಸುಗಳ ಬಣ್ಣವೇ ಬದಲಾಯಿತು. ಆನೆ ಬರಲಿಲ್ಲ. ಬಂದದ್ದು ಎಂದೋ ತೀರಿಕೊಂಡಿದ್ದ ಅವರ ಅಣ್ಣ. ‘ಅಣ್ಣಯ್ಯ ಬಂದಿದ್ದ. ಹೊಲದ ಬದಿನಲ್ಲಿ ಬುತ್ತಿ ಬಿಚ್ಕೊಂಡು ಕೂತಿದ್ದ’ ಎನ್ನುತ್ತಿದ್ದರು, ಮುಖದಲ್ಲಿ ನಗು. ಅಮ್ಮನಿಗೆ ಕೈಕಾಲು ತಣ್ಣಗಾಯಿತು. ಸತ್ತವರು ಕನಸಿನಲ್ಲಿ ಬಂದು ಕರೆದರೆ ಉಳಿಯುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ.

ಅಮೆರಿಕದ ಬಫಲೊ ಊರಿನ ಕ್ರಿಸ್ಟೋಫರ್ ಕೆರ್ ಎಂಬ ವೈದ್ಯರು ಸಾವಿನಂಚಿನಲ್ಲಿದ್ದ ರೋಗಿಗಳ ಹತ್ತಿರ ಕೂತು ಅವರ ಕನಸುಗಳನ್ನು ಕೇಳಿ ಬರೆದುಕೊಂಡಿದ್ದಾರೆ. 2014ರಲ್ಲಿ ಅವರ ತಂಡ ಪ್ರಕಟಿಸಿದ ಅಧ್ಯಯನದಲ್ಲಿ 59 ರೋಗಿಗಳಿದ್ದರು. ಅವರಲ್ಲಿ ಹೆಚ್ಚಿನವರಿಗೆ ಇಂಥ ಕನಸೋ ಕಾಣ್ಕೆಯೋ ಆಗಿತ್ತು. ಸಾವು ಹತ್ತಿರವಾದಂತೆ ತೀರಿಹೋದ ಆಪ್ತರು ಕಾಣಿಸುವುದು ಹೆಚ್ಚುತ್ತಿತ್ತು. ಮತ್ತು ಬದುಕಿರುವವರು ಕಾಣಿಸಿಕೊಂಡ ಕನಸಿಗಿಂತ ಅವು ಹೆಚ್ಚು ಸಮಾಧಾನ ಕೊಡುತ್ತಿದ್ದವು. ಅಂದರೆ ನಮ್ಮ ಕಡೆಯವರು ಗಮನಿಸಿದ್ದು ಸುಳ್ಳಲ್ಲ. ಕರೆಯಲು ಬಂದರು ಎಂಬ ಹೆದರಿಕೆ ಮಾತ್ರ ಬದುಕಿರುವವರದು, ಹಾಸಿಗೆಯಲ್ಲಿದ್ದವರದಲ್ಲ.

ತಾತ ಹೋದದ್ದು ಆ ಕನಸು ಹೇಳಿದ ಹನ್ನೊಂದನೇ ದಿನ. ಊರಿನಲ್ಲಿ ಈಗಲೂ ಅದನ್ನು ಹೇಳುತ್ತಾರೆ. ಅದಕ್ಕೆ ಎರಡು ವರ್ಷ ಮುಂಚೆ, ಯುಗಾದಿಯ ಹಿಂದಿನ ದಿನವೂ ಅದೇ ಅಣ್ಣಯ್ಯ ಕನಸಿನಲ್ಲಿ ಬಂದಿದ್ದರು. ಆಗ ಏನೂ ಆಗಲಿಲ್ಲ, ತಾತ ಹೋಳಿಗೆ ತಿಂದರು. ಅದು ಯಾರಿಗೂ ನೆನಪಿಲ್ಲ. ನನಗೆ ನೆನಪಿರುವುದು ಆ ದಿನಗಳಲ್ಲಿ ನಾನೊಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದುದರಿಂದ.

ಅಮ್ಮನಿಗೆ ನಾನು ಹೇಳಿದ್ದು ಇಷ್ಟೆ: ಹೆದರಬೇಡ, ತಡೆಯಲೂ ಹೋಗಬೇಡ, ಕೇಳಿಸಿಕೋ. ಕೊನೆಯ ವಾರ ಅವಳೇ ಪಕ್ಕದಲ್ಲಿ ಕೂತು ‘ಇವತ್ತು ಯಾರು ಬಂದಿದ್ರು ಮಾವ?’ ಎಂದು ಕೇಳುತ್ತಿದ್ದಳು. ತಾತ ಹೇಳುತ್ತಿದ್ದರು. ಅತ್ತೆಯೂ ಬಂದು ಕೂತು ಕೇಳಿಸಿಕೊಂಡರು, ಮೂರು ದಿನ.

ಮೊನ್ನೆ ಊರಿಗೆ ಹೋದಾಗ ರಾತ್ರಿ ಅಜ್ಜಿ ಹಾಸಿಗೆ ಹಾಸುತ್ತಿದ್ದಳು. ಪಕ್ಕದಲ್ಲಿ ಈಗ ಯಾರೂ ಮಲಗುವುದಿಲ್ಲ. ಆದರೂ ಮಧ್ಯೆ ಎರಡು ದಿಂಬುಗಳನ್ನು ಉದ್ದಕ್ಕೆ ಜೋಡಿಸಿದಳು.

‘ಅಜ್ಜಿ, ನಿನ್ ಕನಸಲ್ಲಿ ತಾತ ಬರ್ತಾರ?’

‘ಬತ್ತಾರೆ. ಪಕ್ಕದಾಗೆ ಮಲ್ಕೊಂಡಿರ್ತಾರೆ’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ದೀಪ ಆರಿಸಿದ ಮೇಲೆ, ‘ಅಲ್ಲಾಡಾಕಿಲ್ಲ ಕಣ್ ಮಗ’ ಎಂದಳು.